ಒಬ್ಬರ ಗುಂಪು

ಭೌತಶಾಸ್ತ್ರದ ಮೇಷ್ಟ್ರಿಗೆ ಹುಡುಗರು ಇಟ್ಟ ಹೆಸರು ಲೋಲಕ. ಪಾಠ ಮಾಡುವಾಗ ಹಲಗೆಯ ಈ ತುದಿಯಿಂದ ಆ ತುದಿಗೆ ತೂಗಾಡುತ್ತಾ ನಡೆಯುವುದು ಅವರ ರೂಢಿ. ಹೆಸರು ಕಿವಿಗೆ ಬಿದ್ದಾಗ ಅವರಿಗೆ ಬೇಸರವಾಗಲಿಲ್ಲ, ಒಳಗೊಳಗೇ ಹೆಮ್ಮೆಯಾಯಿತು. ಇಡೀ ವಿಶ್ವವಿದ್ಯಾಲಯದಲ್ಲಿ ತಮ್ಮ ಹಾಗೆ ಪಾಠ ಮಾಡುವವರು ಇನ್ನೊಬ್ಬರಿಲ್ಲ ಎಂದು ಅವರು ನಂಬಿದ್ದರು. ಸಾಕ್ಷಿ ಕೇಳಿದವರು ಯಾರೂ ಇರಲಿಲ್ಲವಾದ್ದರಿಂದ ಆ ನಂಬಿಕೆ ಉಂಡಾಡಿಯ ಹಾಗೆ ದಷ್ಟಪುಷ್ಟವಾಗಿ ಬೆಳೆದಿತ್ತು. ಕೊರತೆ ಒಂದೇ. ಆ ಮಾತನ್ನು ಹೆಂಡತಿ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೆಂಡತಿಯೂ ಅಲ್ಲೇ, ಮೇಲಿನ ಮಹಡಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು. ಅವರು ಹೇಳಿದರೆ ಆ ಮಾತಿಗೆ ತೂಕ.

ಆ ವರ್ಷ ವಿಶ್ವವಿದ್ಯಾಲಯ ಒಂದು ಪುಟ್ಟ ಅನುದಾನ ಸಾರಿತು. ತಮ್ಮ ಪಾಠವನ್ನು ಸುಧಾರಿಸಿಕೊಳ್ಳಬೇಕೆನ್ನುವ ಅಧ್ಯಾಪಕರು ಗುಂಪು ಕಟ್ಟಿಕೊಂಡು ಅರ್ಜಿ ಹಾಕಬಹುದು. ಕೊಡುವ ಹಣ ಚಹಾ, ಬಿಸ್ಕತ್ತು, ಒಂದಿಷ್ಟು ಪುಸ್ತಕಕ್ಕೆ ಸಾಕಾದೀತು, ಅಷ್ಟೇ. ಮೇಷ್ಟ್ರು ತಡಮಾಡದೆ ಅರ್ಜಿ ಹಾಕಿದರು, ಒಬ್ಬರೇ. ಸದಸ್ಯರು ಎಂಬಲ್ಲಿ ತಮ್ಮ ಹೆಸರು, ಸಂಚಾಲಕರು ಎಂಬಲ್ಲಿಯೂ ತಮ್ಮದೇ. ಗುಂಪೆಂದರೆ ನಾಲ್ವರಾದರೂ ಬೇಕೆಂದು ಕಚೇರಿಯವರು ಅದನ್ನು ಮರಳಿಸಿದರು. ಅದೇ ವಾರ ಹೆಂಡತಿಯ ಗುಂಪಿಗೆ ಅನುದಾನ ಮಂಜೂರಾಯಿತು. ಆ ಗುಂಪಿನಲ್ಲಿ ಸಸ್ಯಶಾಸ್ತ್ರದ ಗಡ್ಡದ ಮೇಷ್ಟ್ರೂ ಇದ್ದರು.

"ನನ್ನನ್ನ ಯಾಕೆ ಸೇರಿಸ್ಕೊಳ್ಳಲಿಲ್ಲ?" ಮೇಷ್ಟ್ರು ಕೇಳಿದರು.

"ನಿಮ್ಮ ಪಾಠದಲ್ಲಿ ಸುಧಾರಿಸೋದು ಏನೂ ಇಲ್ಲ ಅಂತ ನೀವೇ ಅಲ್ವಾ ಹೇಳೋದು?" ಎಂದರು ಹೆಂಡತಿ.

ಮಾತು ನೂರಕ್ಕೆ ನೂರು ಸರಿ. ಅದಕ್ಕೇ ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. "ಕೂತು ಚಹಾ ಕುಡಿಯೋಕೆ ಇವರಿಗೆ ಅನುದಾನ ಬೇರೆ ಕೇಡು" ಎಂದು ಅಧ್ಯಾಪಕರ ಕೋಣೆಯಲ್ಲಿ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗಿದರು. ಕೈಗೆಟುಕದ ದ್ರಾಕ್ಷಿ ಹುಳಿ ಎನ್ನುವುದು ಬರೀ ನರಿಯ ಮಾತಲ್ಲ.

ಆ ಗುಂಪಿನ ಪದ್ಧತಿಯೇ ವಿಚಿತ್ರ. ಒಬ್ಬರ ತರಗತಿಗೆ ಇನ್ನೊಬ್ಬರು ಹೋಗಬೇಕು, ಆದರೆ ಕರೆದರೆ ಮಾತ್ರ. ಹೋದವರು ಮುಂದಿನ ಮೂಲೆಯಲ್ಲಿ ಹುಡುಗರ ಕಡೆ ಮುಖ ಮಾಡಿ ಕೂರಬೇಕು. ಪಾಠ ಮಾಡುವವರನ್ನು ನೋಡುವಂತಿಲ್ಲ. ಕಂಡದ್ದನ್ನು ಆಮೇಲೆ ಹೇಳಬೇಕು, ಹೊಗಳುವಂತಿಲ್ಲ, ತೆಗಳುವಂತಿಲ್ಲ. ಗುಂಪು ಸೇರುತ್ತಿದ್ದ ಬುಧವಾರ ಸಂಜೆ ಹೆಂಡತಿ ಮನೆಗೆ ಬಂದರೆ ಬಾಯಲ್ಲಿ ಅದೇ ಮಾತು, ಅದರಲ್ಲೂ ಗಡ್ಡದವರು ಹುಡುಗರ ಬಾಯಿ ಬಿಡಿಸುವ ಬಗೆ. ಮೇಷ್ಟ್ರ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಹೆಂಡತಿಯ ಮೇಲೆ ಸಂಶಯವೇನೂ ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ತಮಗೆ ಸಲ್ಲಬೇಕಾದ ಮೆಚ್ಚುಗೆ ಇನ್ನೊಬ್ಬನ ಪಾಲಾಗುತ್ತಿದೆಯಲ್ಲ ಎಂಬುದೇ ಸಂಕಟ.

"ಗಡ್ಡದವನ ಕ್ಲಾಸಿಗೆ ಹೋಗಿ ಕೂತ್ಕೊಳ್ತೀಯ. ನನ್ನ ಕ್ಲಾಸಿಗೆ ಒಂದಿನ ಬಂದಿದ್ದೀಯಾ? ಹಿತ್ತಲ ಗಿಡ ಮದ್ದಲ್ಲ, ಬಿಡು."

"ಕರೆದಿದ್ರಾ?"

"ಈಗ ಕರೀತಿದ್ದೀನಿ. ಸೋಮವಾರ ಬಾ."

ಸೋಮವಾರ ಮೇಷ್ಟ್ರು ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ಪಾಠ ಘರ್ಷಣೆಯದು, ಅವರ ಕೈಯಲ್ಲಿ ಪಳಗಿದ್ದು. ಹೆಂಡತಿ ಮೂಲೆಯ ಸ್ಟೂಲಿನ ಮೇಲೆ ಕೂತರು. ಮೇಷ್ಟ್ರು ಎಂದಿಗಿಂತ ಹೆಚ್ಚು ತೂಗಾಡಿದರು, ಇಳಿಜಾರಿನ ಚಿತ್ರವನ್ನು ಒಂದೇ ಏಟಿಗೆ ಗೆರೆ ಎಳೆದು ಬರೆದರು. ಹೆಂಡತಿ ತಿರುಗಲಿಲ್ಲ. ಕೊನೆಯ ಬೆಂಚಿನಲ್ಲಿ ಉಗುರು ಕಚ್ಚುತ್ತಿದ್ದ ಒಬ್ಬನನ್ನು ಅಷ್ಟು ಗಮನವಿಟ್ಟು ನೋಡುತ್ತಿದ್ದರು. ಆ ಉಗುರು ಕಚ್ಚುವವನ ಮೇಲೂ ಮೇಷ್ಟ್ರಿಗೆ ಹೊಟ್ಟೆಕಿಚ್ಚಾಯಿತು. ಕೊನೆಗೆ ತಮ್ಮ ಹೆಸರಾಂತ ನಗೆಮಾತನ್ನೇ ತೆಗೆದರು. "ಘರ್ಷಣೆಯೇ ಇಲ್ಲದ ನೆಲದ ಮೇಲೆ ಗಂಡ ಹೆಂಡತಿ ಜಗಳ ಆಡಿದ್ರು ಅನ್ಕೊಳ್ಳಿ. ಮುನಿಸಿಕೊಂಡು ಎದ್ದು ಹೋಗೋಣ ಅಂದ್ರೂ ಆಗಲ್ಲ, ಕಾಲು ನಿಂತಲ್ಲೇ ಜಾರುತ್ತೆ!" ತರಗತಿ ಗೊಳ್ಳೆಂದಿತು. ಗೆದ್ದೆ ಅಂದುಕೊಂಡರು ಮೇಷ್ಟ್ರು.

ಸಂಜೆ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದರು. ಮೇಷ್ಟ್ರು ಎದುರಿಗೆ ಬಂದು ಕೂತರು.

"ಹೇಗಿತ್ತು?"

"ಹೇಗಿತ್ತು ಅಂತ ಹೇಳೋ ಹಾಗಿಲ್ಲ. ಕಂಡಿದ್ದು ಹೇಳ್ತೀನಿ. ಎರಡನೇ ಸಾಲಿನ ಹುಡುಗಿ ಏನೋ ಕೇಳೋಕೆ ಕೈ ಎತ್ತಿದ್ಲು. ನೀವು ಗಂಡ ಹೆಂಡತಿ ಜೋಕು ಶುರು ಮಾಡಿದ್ರಿ. ಅವಳು ಕೈ ಇಳಿಸಿದ್ಲು."

"ಜೋಕಿಗೆ ಎಲ್ಲಾರೂ ನಕ್ಕರಲ್ಲ!"

"ನಕ್ಕರು. ನೀವು ಹೇಳ್ತಿದ್ದಾಗ ಮೂರನೇ ಸಾಲಿನವರ ತುಟಿ ನಿಮ್ಮ ಜೊತೆಗೇ ಆಡ್ತಿತ್ತು, ಮಾತಿಗೆ ಮಾತು. ಹಿಂದಿನ ವರ್ಷದವರು ಹೇಳಿಕೊಟ್ಟಿರಬೇಕು. ಕೊನೇ ಬೆಂಚು ನೀವು ಮುಗಿಸೋಕೆ ಮುಂಚೆನೇ ನಕ್ಕಿತು."

ಮೇಷ್ಟ್ರ ಮುಖ ಸಪ್ಪಗಾಯಿತು. ಆದರೂ ಕೆರೆದು ಹುಣ್ಣು ಮಾಡಿಕೊಳ್ಳುವ ಬುದ್ಧಿ ಎಲ್ಲಿ ಬಿಟ್ಟೀತು?

"ಗಡ್ಡದವನಾಗಿದ್ರೆ ಆ ಹುಡುಗಿ ಕೈ ಎತ್ತಿದ್ದು ನೋಡ್ತಿದ್ನಾ?"

ಹೆಂಡತಿ ಕೈಯಲ್ಲಿದ್ದ ಬಟ್ಟೆ ಮಡಚಿಟ್ಟು, "ನೋಡ್ತಿದ್ರು" ಎಂದರು. ಒಂದು ಸುಳ್ಳು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಅನ್ನಿಸಿತು ಮೇಷ್ಟ್ರಿಗೆ.

"ನೀನಾದ್ರೂ ಒಂದ್ಸಲ ನನ್ನ ಕಡೆ ತಿರುಗಿ ನೋಡಿದ್ಯಾ?"

"ನಿಯಮ ಮುರಿದು ಒಂದ್ಸಲ ಓರೆಗಣ್ಣಲ್ಲಿ ನೋಡಿದೆ. ನೀವು ಹುಡುಗರನ್ನ ನೋಡ್ತಾನೇ ಇರ್ಲಿಲ್ಲ ರೀ. ನನ್ನ ಬೆನ್ನು ನೋಡ್ಕೊಂಡು ಪಾಠ ಮಾಡ್ತಿದ್ರಿ."

ಮೇಷ್ಟ್ರು ಒಂದು ಟವಲು ಎತ್ತಿಕೊಂಡು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಇಂಥಾ ಮಾತು ಕೇಳಿದ ಮೇಲೆ ನಿಮ್ಮ ಗುಂಪಿನಲ್ಲಿ ಏನು ಮಾಡ್ತೀರಿ?"

"ಮೊದಲನೇ ಸಲ ನಾನು ಎಲ್ಲರ ಮುಂದೆ ಅತ್ತುಬಿಟ್ಟೆ."

"ಅತ್ತುಬಿಟ್ಯಾ? ನನಗೆ ಹೇಳಲೇ ಇಲ್ಲ."

"ಹೇಳಿದ್ರೆ ಪಾಠ ಹೇಗೆ ಮಾಡ್ಬೇಕು ಅಂತ ನನಗೇ ಪಾಠ ಮಾಡ್ತಿದ್ರಿ."

ಅಲ್ಲಿಯವರೆಗಿನ ಹೊಟ್ಟೆಕಿಚ್ಚೆಲ್ಲ ಇದರ ಮುಂದೆ ಏನೂ ಅಲ್ಲ. ಇವಳ ನಗು ಹೋಗಲಿ, ಅಳುವನ್ನೂ ಆ ಗಡ್ಡದವನೇ ಮೊದಲು ಕಂಡ. ತಪ್ಪು ಯಾರದೆಂದು ಕೇಳುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ, ಉತ್ತರ ಗೊತ್ತಿತ್ತು.

"ಆಮೇಲೆ?"

"ಆಮೇಲೆ ಇನ್ನೊಬ್ಬರನ್ನ ಕರೆದೆ. ನೀವೂ ಕರೀರಿ. ಆದ್ರೆ ನನ್ನನ್ನ ಬೇಡ, ನಾನಿದ್ರೆ ನಿಮ್ಮ ಕಣ್ಣು ಹುಡುಗರ ಮೇಲೆ ಇರಲ್ಲ."

ಮೇಷ್ಟ್ರು ಫೋನು ಕೈಗೆತ್ತಿಕೊಂಡು, ಬಾಯಿಗೆ ಕಹಿ ಔಷಧ ಸುರಿದುಕೊಂಡವರ ಮುಖ ಮಾಡಿ, "ಗುರುವಾರ ನನ್ನ ಕ್ಲಾಸಿಗೆ ಬಂದು ಕೂತ್ಕೊಳ್ತೀರಾ?" ಎಂದು ಕೇಳಿದರು. ಆ ಕಡೆಯಿಂದ ಗಡ್ಡದ ಮೇಷ್ಟ್ರು ಖುಷಿಯಿಂದ ಒಪ್ಪಿಕೊಂಡದ್ದು ಹೆಂಡತಿಗೂ ಕೇಳಿಸಿತು.

"ಅಯ್ಯೋ, ಅವರನ್ನೇ ಯಾಕೆ ಕರೆದ್ರಿ?"

"ಅವನೊಬ್ಬನನ್ನ ಮೆಚ್ಚಿಸ್ಬೇಕು ಅಂತ ನನಗೆ ಈ ಜನ್ಮದಲ್ಲಿ ಅನ್ನಿಸಲ್ಲ ಕಣೇ" ಎಂದರು ಮೇಷ್ಟ್ರು.