ಅಳತೆ ರವಿಕೆ ನಂಬಿ ಹೆಣೆದ ಕಾರ್ಡಿಗನ್

1946ರಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಹೆಣಿಗೆ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಮಗ್ಗದ ಮನೆಗಳ ಸಾಲಿನಲ್ಲಿ ಒಂದು ಹೆಂಚಿನ ಕಟ್ಟಡ, ಅದರೊಳಗೆ ಚಾಪೆಯ ಮೇಲೆ ಕೂತು ಕಡ್ಡಿಗಳಲ್ಲಿ ಉಲ್ಲನ್ ಹೆಣೆಯುವ ಹತ್ತಾರು ಹುಡುಗಿಯರು. ಯುದ್ಧ ನಡೆದಷ್ಟು ಕಾಲ ಸಿಪಾಯಿಗಳ ಸ್ವೆಟರ್ ಹೆಣೆದೆವು. ಸಿಪಾಯಿಯ ಮೈಯನ್ನು ನಾವು ನೋಡಬೇಕಾಗಿರಲಿಲ್ಲ. ಸಣ್ಣದು, ಮಧ್ಯಮ, ದೊಡ್ಡದು, ಅಷ್ಟೇ ಅಳತೆ. ಬೆನ್ನು, ಎದೆ, ತೋಳು ಬೇರೆಬೇರೆಯಾಗಿ ಕೆಳಗಿನಿಂದ ಹೆಣೆದು, ಕೊನೆಗೆ ಹೊಲಿದು ಕೂಡಿಸುವುದು. ಆ ಕೂಡಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ನಮ್ಮಲ್ಲಿರಲಿಲ್ಲ.

ಯುದ್ಧ ಮುಗಿಯಿತು, ಆರ್ಡರ್ ನಿಂತಿತು. ಯಜಮಾನರು ಹೆಂಗಸರ ಕಾರ್ಡಿಗನ್ ಮಾಡಿಸಲು ಹೊರಟರು. ಕಾರ್ಡಿಗನ್ ಅಂದರೆ ಮುಂದೆ ತೆರೆದು ಗುಂಡಿ ಹಾಕುವ ಸ್ವೆಟರ್. ಅದಕ್ಕಾಗಿ ಬೆಂಗಳೂರಿನಿಂದ ಸುಂದರಮ್ಮ ಎಂಬಾಕೆಯನ್ನು ಕರೆತಂದರು. ಆಕೆ ಕತ್ತಿನಿಂದ ಶುರುಮಾಡಿ ಕೆಳಕ್ಕೆ ಹೆಣೆಯುತ್ತಿದ್ದರು. ಎದೆ, ಬೆನ್ನು, ಎರಡು ತೋಳು ಸೇರುವ ನಾಲ್ಕು ಕಡೆ ಗುರುತಿಟ್ಟು, ಅಲ್ಲಿ ಕುಣಿಕೆ ಹೆಚ್ಚಿಸುತ್ತ ಬಂದರೆ ಕೊರಳಪಟ್ಟಿ ಭುಜದ ಮೇಲೆ ಕೊಡೆಯಂತೆ ಅಗಲವಾಗುತ್ತಿತ್ತು. ಕಂಕುಳ ಹತ್ತಿರ ತೋಳಿನ ಕುಣಿಕೆಗಳನ್ನು ದಾರಕ್ಕೆ ಪೋಣಿಸಿಟ್ಟು ಮೈಯನ್ನು ಕೆಳಕ್ಕೆ ಇಳಿಸುವುದು, ಆಮೇಲೆ ಆ ಕುಣಿಕೆಗಳಿಂದಲೇ ತೋಳು ಹೆಣೆಯುವುದು. ಕೂಡಿಸುವ ಹೊಲಿಗೆಯೇ ಇಲ್ಲ! ನನ್ನ ಕೈಚಳಕವೆಲ್ಲ ಯಾವುದರಲ್ಲಿತ್ತೋ ಅದೇ ಆಕೆಗೆ ಬೇಡವಾಗಿತ್ತು.

ಮೊದಲ ವಾರದಲ್ಲೇ ಹುಡುಗಿಯರೆಲ್ಲ ಚಾಪೆ ಎಳೆದುಕೊಂಡು ಆಕೆಯ ಸುತ್ತ ಕೂತರು. ಆಕೆ ನಕ್ಕರೆ ನನಗೆ ಮೈ ಉರಿಯುತ್ತಿತ್ತು. ಆಕೆಯ ಕಡ್ಡಿಯ ಟಿಕ್ ಟಿಕ್ ಸದ್ದು ಕೇಳಿದರೂ ಅಷ್ಟೇ.

ಯಜಮಾನರು ಒಂದು ದಿನ ನನ್ನನ್ನು ಕರೆದು, “ನೋಡಪ್ಪಾ ನಂಜುಂಡ, ಇಬ್ರು ಮೇಸ್ತ್ರಿಗಳನ್ನ ಸಾಕೋಕೆ ನನ್ ಕೈಲಾಗಲ್ಲ. ನಮ್ಮೂರ ಆಸ್ಪತ್ರೆ ಲೇಡಿ ಡಾಕ್ಟರಿಗೆ ಇಬ್ರೂ ಒಂದೊಂದು ಕಾರ್ಡಿಗನ್ ಹೆಣೀರಿ. ಆಯಮ್ಮ ಯಾರ್ದು ಒಪ್ತಾರೋ ಅವ್ರೇ ಮೇಸ್ತ್ರಿ” ಅಂದರು.

ಡಾಕ್ಟರು ಚಳಿಗಾಲದಲ್ಲೂ ನಸುಕಿಗೇ ಜಟಕಾ ಹತ್ತಿ ಹಳ್ಳಿಗಳಿಗೆ ಹೆರಿಗೆಗೆ ಹೋಗುವವರು. ಅವರಿಗೆ ಬೆಚ್ಚಗಿನ ಉಡುಪು ನಿಜವಾಗಿಯೂ ಬೇಕಿತ್ತು.

ನಮ್ಮ ಕಡೆ ಹೆಂಗಸರ ಮೈಗೆ ದರ್ಜಿ ಟೇಪು ಹಿಡಿಯುತ್ತಿರಲಿಲ್ಲ. ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಕಳಿಸಿಕೊಡುತ್ತಿದ್ದರು. ನಾನೂ ಹಾಗೇ ಅಳತೆ ರವಿಕೆ ತರಿಸಿಕೊಂಡು, ಸ್ವೆಟರ್ ಅಂತ ಸ್ವಲ್ಪ ಸಡಿಲ ಬಿಟ್ಟು ಹೆಣೆದೆ. ಸುಂದರಮ್ಮ ಮಾತ್ರ ಅರ್ಧ ಹೆಣೆದದ್ದನ್ನು ಕಡ್ಡಿಯ ಸಮೇತ ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಮನೆಗೇ ಹೋಗುತ್ತಿದ್ದರು. ಒಳಕೋಣೆಯ ಬಾಗಿಲು ಆಕೆಗೆ ತೆರೆಯುತ್ತಿತ್ತು. ನಾನು ಹೋಗಿದ್ದರೆ ಜಗಲಿಯೇ ಕೊನೆ. ಇದು ಯಾವ ನ್ಯಾಯ ಅಂತ ಮನೆಯಲ್ಲಿ ಕೂಗಾಡಿದೆ.

ನನ್ನ ಹೆಂಡತಿ ಜಯಮ್ಮ ರಾಗಿ ಬೀಸುವುದನ್ನು ನಿಲ್ಲಿಸಿ, “ಬೆಳಗಾದ್ರೆ ಸುಂದರಮ್ಮ, ಬೈಗಾದ್ರೆ ಸುಂದರಮ್ಮ. ಆವಮ್ಮನ್ನೇ ಕಟ್ಕೊಂಡಿದ್ರೆ ಆಗ್ತಿತ್ತು” ಅಂದಳು.

ಎರಡೂ ಕಾರ್ಡಿಗನ್ ಮುಗಿದ ದಿನ ಡಾಕ್ಟರು ಕಾರ್ಖಾನೆಗೆ ಬಂದು ಮೊದಲು ನನ್ನದನ್ನು ತೊಟ್ಟರು. ಎಡಭುಜದ ಮೇಲೆ ಸೀರೆಯ ಸೆರಗಿನ ಮಡಿಕೆಗಳೆಲ್ಲ ಉಂಡೆ ಕಟ್ಟಿಕೊಂಡವು. ಎದೆಯ ಮೇಲೆ ಗುಂಡಿಗೂ ಕಾಜಕ್ಕೂ ಮೂರು ಬೆರಳು ಅಂತರ. ರವಿಕೆಯ ಮೇಲೆ ಸೆರಗು ಬರುತ್ತದೆ ಅನ್ನುವುದೇ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

“ಏನ್ ಮೇಸ್ತ್ರಿ, ಇದನ್ನ ನನ್ ರವಿಕೆಗೇ ಹಾಕಿ ಕಳಿಸ್ತೀನಿ. ಅದೇ ಹೋಗಿ ಹೆರಿಗೆ ಮಾಡಿಸಿ ಬರ್ಲಿ” ಅಂದರು ಡಾಕ್ಟರು. ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡರು.

ಸುಂದರಮ್ಮ ಸೆರಗಿನ ಮೇಲೆಯೇ ಹಾಕಿ ನೋಡಿ, ಎಡಭುಜಕ್ಕೆ ಕುಣಿಕೆ ಹೆಚ್ಚು ಕೊಟ್ಟಿದ್ದರು. ಅದು ಸರಿಯಾಗಿ ಕೂತಿತು. ಯಜಮಾನರು ಅಲ್ಲೇ ತೀರ್ಮಾನ ಹೇಳಿದರು: “ಸಂಕ್ರಾಂತಿವರೆಗೂ ಇರಪ್ಪಾ. ಅಷ್ಟ್ರಲ್ಲಿ ಹೆಂಗಸರ ಕೆಲಸ ಕಲಿತ್ರೆ ಸರಿ. ಇಲ್ದಿದ್ರೆ ಬೇರೆ ಕಡೆ ನೋಡ್ಕೊ.”

ಸುಂದರಮ್ಮನ ಚಾಪೆಯ ತುದಿಯಲ್ಲಿ ಹೋಗಿ ಕೂತೆ. ಬೇರೆ ದಾರಿ ಇರಲಿಲ್ಲ. “ಕಲಿಸ್ತೀನಿ ಮೇಸ್ತ್ರಿಗಳೇ. ಹಾಕಿ ನೋಡೋಕೆ ಹೆಣ್ಣಾಳನ್ನ ಎಲ್ಲಿಂದ ತರ್ತೀರಿ?” ಅಂದರು. ಕಲಿಸಿದರು, ನಿಜ. ಆದರೆ ಪ್ರತಿ ಸಾಲಿಗೂ ಒಂದು ನಗು.

ಮಿಕ್ಕಿದ್ದ ಮಿಲಿಟರಿ ಉಲ್ಲನ್ನಿನಲ್ಲಿ ಮನೆಯಲ್ಲೇ ಒಂದು ಕಾರ್ಡಿಗನ್ ಕೊರಳಿನಿಂದ ಶುರುಮಾಡಿದೆ. ಜಯಮ್ಮನನ್ನು ನಿಲ್ಲಿಸಿ ಅವಳ ಕತ್ತಿಗೆ ಹಾಕಿದೆ.

“ಸಿಪಾಯಿ ಬಣ್ಣ ನನಗೆ, ನೀಲಿ ಬಣ್ಣ ಡಾಕ್ಟರಮ್ಮಂಗೆ! ಕಡ್ಡಿ ಚುಚ್ತದೆ ಕಣ್ರೀ.”

“ಅಲ್ಲಾಡ್ಬೇಡ ಕಣೇ.”

“ಅಲ್ಲಾಡ್ದೆ ಕೊಡ ಎತ್ತೋದು ಹೆಂಗೆ? ಗೊಂಬೆಗೆ ಹೆಣೀತಿದ್ದೀರಾ?”

ಅವಳು ತೋಳೆತ್ತಿದಳು. ಕಂಕುಳಲ್ಲಿ ಬಿಗಿಯಾಗಿ, ಇಡೀ ಕಾರ್ಡಿಗನ್ ಮೇಲಕ್ಕೆ ಜಗ್ಗಿತು. ಬಿಚ್ಚಿದೆ. ಮತ್ತೆ ಹೆಣೆದೆ, ಮತ್ತೆ ಬಿಚ್ಚಿದೆ. ಅವಳು ಬೀಸುವಾಗ, ಒಲೆ ಊದುವಾಗ, ನೀರು ಸೇದುವಾಗ ನೋಡಿದೆ. ಕೊನೆಗೆ ಕಂಕುಳಲ್ಲಿ ವೀಳ್ಯದೆಲೆಯಷ್ಟು ಅಗಲದ ಒಂದು ತುಂಡನ್ನು ಮೈಗೂ ತೋಳಿಗೂ ನಡುವೆ ಸೇರಿಸಿ ಹೆಣೆದ ಮೇಲೆ ತೋಳು ಸಲೀಸಾಗಿ ಮೇಲೆ ಹೋಯಿತು, ಅಂಚು ಇದ್ದಲ್ಲೇ ಇತ್ತು.

ಸಂಕ್ರಾಂತಿಗೆ ಮೊದಲು ಜಯಮ್ಮ ಅದನ್ನು ತೊಟ್ಟು ಕಾರ್ಖಾನೆಗೆ ಬಂದಳು. ಸುಂದರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಯಾರೂ ಹೇಳದಿದ್ದರೂ, ಮೂಲೆಯಲ್ಲಿದ್ದ ನೀರಿನ ಕೊಡವನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಳು. ಯಜಮಾನರು ನೋಡಿದರು. ಸುಂದರಮ್ಮ ಎದ್ದುಬಂದು ಜಯಮ್ಮನ ಕಂಕುಳ ಕೆಳಗೆ ಬೆರಳಾಡಿಸಿದರು. ಅವರ ಮುಖದಲ್ಲಿ ನಗುವಿರಲಿಲ್ಲ.

“ಇಲ್ಲೇನ್ ಮಾಡಿದ್ದೀರಿ ಮೇಸ್ತ್ರಿಗಳೇ?” ಅಂದರು. ಆ ದನಿ, ಆ ಕಣ್ಣು ನನಗೆ ಗುರುತಿದ್ದವು. ತಿಂಗಳುಗಟ್ಟಲೆ ನಾನು ಅದೇ ಕಣ್ಣಿನಿಂದ ಅವರನ್ನು ನೋಡಿದ್ದೆ.

ಯಜಮಾನರು ನನ್ನನ್ನು ಉಳಿಸಿಕೊಂಡರು. ಮೇಸ್ತ್ರಿ ಮಾತ್ರ ಸುಂದರಮ್ಮನೇ. ಅದಕ್ಕೇ ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಲಿಲ್ಲ. ಆದರೆ ವೃತ್ತಿ ನನಗೆ ಒಂದು ವಿಷಯ ಕಲಿಸಿತು. ಯಾರನ್ನು ಕಂಡರೆ ಹೊಟ್ಟೆ ಉರಿಯುತ್ತದೋ ಅವರ ಪಕ್ಕದಲ್ಲೇ ಕೂರಬೇಕು. ದೂರ ಕೂತರೆ ಬರೀ ಉರಿ, ಹತ್ತಿರ ಕೂತರೆ ಅವರ ಕೈ ಕಾಣುತ್ತದೆ. ಅವತ್ತು ಸುಂದರಮ್ಮನಿಗೂ ಜಾಗ ಬಿಟ್ಟು, ಬನ್ನಿ, ತೋರಿಸ್ತೀನಿ ಅಂದೆ. ಅವರು ಚಾಪೆ ಎಳೆದುಕೊಂಡು ಕೂತರು. ನಮ್ಮಿಬ್ಬರ ನಡುವೆ, ಕಾರ್ಡಿಗನ್ ಬಿಚ್ಚದೆ, ಜಯಮ್ಮನೂ ಬಂದು ಕೂತಳು.