ಬುರೈದಾದ ಓಣಿಯಲ್ಲಿ ನಾನು ಮಾಡಿಸಿದ ಕೊಲೆ

ತೊಂಬತ್ತರ ದಶಕದಲ್ಲಿ ಸೌದಿಯ ಬುರೈದಾಕ್ಕೆ ಕೆಲಸಕ್ಕೆಂದು ಹೊಸದಾಗಿ ಬಂದ ನಮ್ಮ ಕಡೆಯವರನ್ನು ಹಳೇ ಮಣ್ಣಿನ ಮನೆಗಳ ಓಣಿಯಲ್ಲಿ ಸುತ್ತಾಡಿಸಿ, ನಾನೇ ಹೆಣೆದ ಕೊಲೆಗಳ ಚರಿತ್ರೆ ಹೇಳಿ ಹೆದರಿಸುತ್ತಿದ್ದೆ. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಒಂದು ಶುಕ್ರವಾರ ಗುಂಪಿನಲ್ಲಿ ಹೈದರಾಬಾದಿನವರೂ ಇದ್ದರೆಂದು ಹಿಂದಿಯಲ್ಲೇ ಶುರುಮಾಡಿದೆ: "ಈ ಮನೆಯ ಯಜಮಾನ ಅತಿಥಿಯ ಕತ್ತು ಕೊಯ್ದಿದ್ದ!"

ಬಾಗಿಲು ತೆರೆಯಿತು. ಅರಬ್ಬೀ ಮುದುಕನೊಬ್ಬ ನನ್ನ ಕೈ ಹಿಡಿದ.

"ಹರೆಯದಲ್ಲಿ ಬೊಂಬಾಯಿಯಲ್ಲಿ ಕುದುರೆ ಮಾರುತ್ತಿದ್ದೆ," ಎಂದ, ಹಿಂದಿಯಲ್ಲೇ. "ಆ ಯಜಮಾನ ನನ್ನ ಅಜ್ಜ. ಮುಂದಿನದನ್ನು ಪೊಲೀಸರಿಗೆ ಹೇಳುತ್ತೀಯಾ?"

"ಎಂತ ಮಾಡಿದೆ ಮಾರಾಯ! ನಾಳೆಯೇ ನಿನ್ನನ್ನು ಊರಿಗೆ ಅಟ್ತಾರೆ," ಎಂದು ಗುಂಪಿನಲ್ಲಿದ್ದ ಗೆಳೆಯ ಪಿಸುಗುಟ್ಟಿದ.

ಆದರೂ ನನ್ನ ನಾಲಗೆ ಸೋಲಲಿಲ್ಲ. "ತಪ್ಪಾಯಿತು ಸಾಹೇಬರೇ, ಕೊಂದವನು ಪಕ್ಕದ ಮನೆಯವನು. ಅವನನ್ನು ಹಿಡಿದುಕೊಟ್ಟ ವೀರ ನಿಮ್ಮ ಅಜ್ಜ!"

ಮುದುಕನ ಮುಖ ಅರಳಿತು. ಕೈ ಬಿಡದೆ ನನ್ನನ್ನು ಎಳೆದೊಯ್ದು ಪಕ್ಕದ ಮನೆಯ ಬಾಗಿಲು ಬಡಿದ.