ಬಾಗಿಲು ತಟ್ಟುವ ಸತುರ್ನಿನಾ

ಕೊಚಬಾಂಬಾ ನಗರದಲ್ಲಿ ನಮ್ಮ ಹೆಂಗಸರ ಸಂಘದ್ದೊಂದು ಆಸರೆಮನೆಯಿದೆ. ಗಂಡನ ಏಟು ತಾಳಲಾರದೆ ಬಂದವರಿಗೆ ಅದೇ ತವರು. ಅದರ ಯಜಮಾನಿ ಸತುರ್ನಿನಾಳ ಬಾಯಿ ಸಂತೆಗಿಂತ ಜೋರು. ಕೋರ್ಟಿನ ಬೆಂಚಿನ ಮೇಲೆ ಗಂಡ ಹೆಂಡಿರ ನಡುವೆ ಪದರು ಪದರಿನ ಲಂಗ ಹರಡಿ ಕೂತಳೆಂದರೆ ಆ ಗಂಡನಿಗೆ ಇವಳ ತಲೆಯ ಮೇಲಿನ ಎತ್ತರದ ಟೋಪಿ ಬಿಟ್ಟು ಬೇರೇನೂ ಕಾಣದು. ಪೊಲೀಸರು "ಮನೆ ಜಗಳ, ಮನೇಲೇ ಬಗೆಹರಿಸ್ಕೊಳ್ಳಿ" ಎಂದರೆ, "ಹಾಗಾದ್ರೆ ಅವನನ್ನ ನಿಮ್ಮನೇಗೇ ಕಳಿಸ್ತೀನಿ, ಇಟ್ಕೊಳ್ಳಿ" ಎನ್ನುವವಳು. ಆದರೆ ಮನೆಯೊಳಗೆ ಈ ಗಯ್ಯಾಳಿ ತಟ್ಟದೆ ಎಲ್ಲಿಗೂ ಕಾಲಿಡುವುದಿಲ್ಲ. ತೆರೆದ ಬಾಗಿಲನ್ನೂ ತಟ್ಟುತ್ತಾಳೆ, ಮೊಟ್ಟೆ ತೆಗೆಯುವ ಮೊದಲು ಕೋಳಿಗೂಡನ್ನೂ ತಟ್ಟುತ್ತಾಳೆ. "ಕೋಳಿ ಒಳಗೆ ಬಾ ಅಂತೇನೇ?" ಎಂದು ನಾನು ಒಲೆಯ ಮುಂದಿನಿಂದ ಛೇಡಿಸಿದರೆ, "ಅಂತು ಕಣೇ, ನಿಂಗೆ ಕೇಳಿಸ್ಲಿಲ್ಲ. ನೀನು ಸಾರು ನೋಡ್ಕೋ" ಎಂದು ಗದರುತ್ತಾಳೆ. ಹೊಸದಾಗಿ ಬಂದವರು ಆ ಸದ್ದಿಗೇ ಬೆಚ್ಚಿಬಿದ್ದು "ಬನ್ನಿ, ಬನ್ನಿ" ಎಂದು ಎದ್ದು ನಿಲ್ಲುತ್ತಾರೆ. ಅವರ ಮನೆಗಳಲ್ಲಿ ಬಾಗಿಲನ್ನು ಒದ್ದವರುಂಟೇ ಹೊರತು ತಟ್ಟಿದವರಿಲ್ಲ. ನೆಲಿದಾ ಎಂಬವಳಂತೂ ಚಳಿಗಾಲವಿಡೀ ತಟ್ಟಿದಾಗಲೆಲ್ಲ ಹಾಗೆಯೇ ಎದ್ದು ನಿಂತಳು. ನಿನ್ನೆ ಮಧ್ಯಾಹ್ನ ಸತುರ್ನಿನಾ ಕಡಲೆಕಾಯಿ ಸಾರಿನ ಬಟ್ಟಲು ಹಿಡಿದು ಅವಳ ಕೋಣೆಯ ಬಾಗಿಲು ತಟ್ಟಿದಾಗ ಒಳಗಿನಿಂದ ನಿದ್ದೆ ತುಂಬಿದ ದನಿ ಬಂತು: "ಈಗ ಬೇಡಮ್ಮ, ಮಲಗಿದೀನಿ." ಸತುರ್ನಿನಾ ತುದಿಗಾಲಲ್ಲಿ ಅಡುಗೆಮನೆಗೆ ಬಂದು, ಬಟ್ಟಲು ಕೆಳಗಿಟ್ಟು, ನಗುತ್ತಲೇ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು, ಜೀವಮಾನದಲ್ಲೇ ಮೊದಲ ಸಲ ಪಿಸುಗುಟ್ಟಿದಳು: "ಬೇಡ ಅಂದ್ಲು ಕಣೇ!"